ನಡಿಗೆಯ ಆಟಗಳೂ ಆಟಗಾರರ ಆಕ್ಷೇಪಗಳೂ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ವಿಡಿಯೋ ಆಟಗಳಿಗೇನು ಕೆಲಸವೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಈ ಲೇಖನಕ್ಕೆ ನಿಮಿತ್ತವಾದದ್ದು ಬ್ಯಾಟರಾಯನಪುರದಲ್ಲಿ, ನಾವು ವಾಸವಾಗಿರುವ ಬೀದಿಯಲ್ಲಿಯೇ, ಕಿವಿಗೆ ಬಿದ್ದ ಒಂದು ಸಣ್ಣ ವಾಗ್ವಾದ. ಆ ಬೀದಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದಿರುವ ಕೊಠಡಿಗಳು ಅನೇಕ. ಅವರಲ್ಲಿ ಕೆಲವರು ನಮ್ಮ ತರಗತಿಯವರೇ. ಒಂದು ಸಂಜೆ ಅವರಲ್ಲೊಬ್ಬನು ತಾನು ಹಣ ತೆತ್ತು ಕೊಂಡ ಆಟವೊಂದನ್ನು ಕುರಿತು, “ನಡೆಯೋದು ಬಿಟ್ರೆ ಬೇರೇನೂ ಇಲ್ಲ ಸಾರ್ ಅದ್ರಲ್ಲಿ, ಬರೀ ಮೋಸ” ಎಂದು ನಮ್ಮಲ್ಲಿ ದೂರಿದನು. ಅವನ ಕೊಠಡಿಯ ಜೊತೆಗಾರನು ಅದೇ ಆಟವನ್ನು ಮೂರು ಸಲ ಆಡಿ ಮುಗಿಸಿದ್ದವನು, “ಓದೋಕೆ ಎಷ್ಟಿತ್ತು ಅಲ್ಲಿ! ನೀನು ಓಡ್ಬಿಟ್ಟೆ ಕಣೋ” ಎಂದನು. ಒಂದೇ ಆಟ, ಒಂದೇ ಕೊಠಡಿ, ಒಂದೇ ಗಣಕಯಂತ್ರ. ಒಬ್ಬನಿಗೆ ಅಲ್ಲಿ ಏನೂ ಇರಲಿಲ್ಲ, ಮತ್ತೊಬ್ಬನಿಗೆ ಮೂರು ಸಲ ನೋಡಿದರೂ ತೀರಲಿಲ್ಲ. ಈ ಭೇದಕ್ಕೆ ಕಾರಣವೇನೆಂದು ವಿಚಾರಿಸುತ್ತ ಹೋದಾಗ ನಮ್ಮ ಶಾಸ್ತ್ರಕ್ಕೇ ಸಂಬಂಧಪಟ್ಟ ಸಂಗತಿಯೊಂದು ಎದುರಾಯಿತಾದ್ದರಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಬ್ಯಾಟರಾಯನೆಂದರೆ ಬೇಟೆರಾಯ, ಬೇಟೆಗಾರನ ರೂಪದಲ್ಲಿ ಪೂಜೆಗೊಳ್ಳುವ ವಿಷ್ಣು. ವಿಡಿಯೋ ಆಟಗಳಲ್ಲಿ ಹೆಸರಾದವು ಬಹುಮಟ್ಟಿಗೆ ಬೇಟೆಯ ಆಟಗಳೇ: ಅಟ್ಟಿಸಿಕೊಂಡು ಹೋಗುವುದು, ಗುರಿಯಿಡುವುದು, ಹೊಡೆಯುವುದು, ಹೊಡೆತ ತಪ್ಪಿಸಿಕೊಳ್ಳುವುದು. ಬೇಟೆಯ ಹೆಸರು ಹೊತ್ತ ಊರಿನಲ್ಲಿ ಬೇಟೆಯಿಲ್ಲದ ಆಟವನ್ನು ಕುರಿತು ಜಗಳ ನಡೆದದ್ದು ನಮಗೆ ವಿನೋದವಾಗಿ ತೋರಿತು. ಇನ್ನೊಂದು ಮಾತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರುವವರೆಗೆ ತನ್ನದೇ ನಗರಸಭೆಯನ್ನು ಹೊಂದಿದ್ದ ಈ ಊರು, ಬಳ್ಳಾರಿ ರಸ್ತೆಯ ಮೇಲುಸೇತುವೆಯ ಕೆಳಗೆ ಈಗ ಹೇಗಿದೆಯೆಂಬುದನ್ನು ಬಲ್ಲವರು ಬಲ್ಲರು. ಸುಮ್ಮನೆ ನಿಧಾನವಾಗಿ ನಡೆಯುವವನಿಗೆ ಅಲ್ಲಿ ಎಡೆ ಕಡಿಮೆ.

ಈ ಬಗೆಯ ಆಟಗಳಿಗೆ ‘ವಾಕಿಂಗ್ ಸಿಮ್ಯುಲೇಟರ್’ ಎಂಬ ಹೆಸರು ರೂಢಿಯಲ್ಲಿದೆ. ನಡೆದಂತೆ ನಟಿಸುವ ಯಂತ್ರ ಎಂದು ಅದರ ಅರ್ಥ. ಹೆಸರನ್ನು ಹುಟ್ಟಿಸಿದವರು ಮೆಚ್ಚಿದವರಲ್ಲ, ಹಳಿದವರು. ನಮ್ಮ ಅನುಕೂಲಕ್ಕಾಗಿ ನಾವು ಇವನ್ನು ‘ನಡಿಗೆಯ ಆಟ’ಗಳೆಂದು ಕರೆಯುತ್ತೇವೆ. ಇವುಗಳ ಲಕ್ಷಣವನ್ನು ಹೀಗೆ ಹೇಳಬಹುದು: ಆಟಗಾರನು ತನ್ನ ಕಣ್ಣಿನಿಂದಲೇ ನೋಡುವಂತೆ ಒಂದು ದ್ವೀಪ, ಒಂದು ಮನೆ, ಒಂದು ಹಳ್ಳಿ ತೆರೆಯ ಮೇಲೆ ತೋರುತ್ತದೆ. ಅಲ್ಲಿ ಶತ್ರುವಿಲ್ಲ, ಅಂಕವಿಲ್ಲ, ಸೋಲೂ ಇಲ್ಲ. ನಡೆಯಬೇಕು, ನಿಲ್ಲಬೇಕು, ಬಾಗಿಲು ತೆರೆಯಬೇಕು, ಸಿಕ್ಕಿದ ಕಾಗದವನ್ನು ಓದಬೇಕು. ಸಾಮಾನ್ಯವಾಗಿ ಅಲ್ಲಿ ಜನರೇ ಇರುವುದಿಲ್ಲ. ಇದ್ದು ಹೋದವರ ಕುರುಹುಗಳು ಮಾತ್ರ ಇರುತ್ತವೆ. ಅವರಿಗೆ ಏನಾಯಿತೆಂಬುದೇ ಕಥೆ.

ಇಂಥ ಆಟಗಳ ಮೂಲಪುರುಷನೆಂದು ಎಣಿಸಲ್ಪಡುವ ‘ಡಿಯರ್ ಎಸ್ತರ್’ ಹುಟ್ಟಿದ್ದು ವ್ಯಾಪಾರದ ಮನೆಯಲ್ಲಲ್ಲ, ವಿಶ್ವವಿದ್ಯಾಲಯದಲ್ಲಿ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಅಧ್ಯಾಪಕ ಡ್ಯಾನ್ ಪಿಂಚ್‌ಬೆಕ್ ಎಂಬವರು ಗುಂಡಿನ ಕಾಳಗದ ಆಟಗಳನ್ನು ಸಂಶೋಧನೆಯ ವಿಷಯವಾಗಿ ಇಟ್ಟುಕೊಂಡಿದ್ದರು. ಅಂಥ ಆಟದಿಂದ ಬಂದೂಕನ್ನೂ ವೈರಿಯನ್ನೂ ತೆಗೆದುಹಾಕಿದರೆ ಉಳಿಯುವುದೇನು, ಉಳಿದದ್ದು ಆಟಗಾರನನ್ನು ಹಿಡಿದು ನಿಲ್ಲಿಸಬಲ್ಲುದೆ ಎಂಬುದು ಅವರ ಪ್ರಶ್ನೆ. 2004ರ ‘ಹಾಫ್-ಲೈಫ್ 2’ ಎಂಬ ಕಾಳಗದ ಆಟದ ತಂತ್ರಾಂಶವನ್ನೇ ಬಳಸಿ 2008ರಲ್ಲಿ ಅವರ ತಂಡ ಉತ್ತರವನ್ನು ಕೊಟ್ಟಿತು. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಹೆಬ್ರಿಡೀಸ್ ಸಮೂಹದ ಒಂದು ನಿರ್ಜನ ದ್ವೀಪ. ಅಲ್ಲಿ ನಡೆಯುತ್ತಿದ್ದಂತೆ ಒಬ್ಬ ಪುರುಷನ ದನಿಯಲ್ಲಿ ಪತ್ರಗಳ ತುಣುಕುಗಳು ಕೇಳಿಬರುತ್ತವೆ. ಯಾವ ತುಣುಕು ಕೇಳುವುದೆಂಬುದು ಒಂದೊಂದು ಸಲಕ್ಕೆ ಒಂದೊಂದು ಬಗೆ. ಇದನ್ನು ಹೊಸದಾಗಿ ಕಟ್ಟಿ 2012ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಿಟ್ಟಾಗ ಮೊದಲ 24 ಗಂಟೆಗಳಲ್ಲಿ 16,000ಕ್ಕೂ ಹೆಚ್ಚು ಪ್ರತಿಗಳು ಖರ್ಚಾದುವು. ಹೂಡಿದ ಬಂಡವಾಳ ಆರು ಗಂಟೆಗಳೊಳಗೆ ಹಿಂತಿರುಗಿತು. ನಡೆಯುವುದಷ್ಟೇ ಇರುವ ಆಟಕ್ಕೆ ಜನ ಹಣ ಕೊಡುವುದಿಲ್ಲವೆಂಬ ಮಾತು ಅಂದಿಗೇ ಸುಳ್ಳಾಯಿತು. ಆದರೆ ಕೊಂಡವರೆಲ್ಲರೂ ಮೆಚ್ಚಿದರೆಂದು ಇದರಿಂದ ಹೇಳಲಾಗದು.

ಮೆಚ್ಚದವರ ಆಕ್ಷೇಪ ಪೂರ್ಣರೂಪವನ್ನು ತಾಳಿದ್ದು ಮುಂದಿನ ವರ್ಷ, 2013ರ ಆಗಸ್ಟಿನಲ್ಲಿ ಬಂದ ‘ಗಾನ್ ಹೋಮ್’ ಎಂಬ ಆಟದಿಂದ. ನಮ್ಮ ಬೀದಿಯ ಜಗಳವೂ ಈ ಆಟವನ್ನು ಕುರಿತದ್ದೇ ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. 1995ರ ಜೂನ್ ತಿಂಗಳ ಒಂದು ಮಳೆಯ ರಾತ್ರಿ. ಯೂರೋಪ್ ಪ್ರವಾಸದಿಂದ ಹಿಂತಿರುಗಿದ ಹುಡುಗಿಯೊಬ್ಬಳು ಅಮೆರಿಕದ ಆರಿಗನ್ ರಾಜ್ಯದಲ್ಲಿ ತನ್ನವರು ಹೊಸದಾಗಿ ಸೇರಿರುವ ದೊಡ್ಡ ಮನೆಗೆ ಬರುತ್ತಾಳೆ. ತಂದೆ ಇಲ್ಲ, ತಾಯಿ ಇಲ್ಲ, ತಂಗಿಯೂ ಇಲ್ಲ. ಬಾಗಿಲಿಗೆ ತಂಗಿ ಅಂಟಿಸಿದ ಒಂದು ಚೀಟಿ ಇದೆ. ಮಿಕ್ಕದ್ದನ್ನು ಮೇಜಿನ ಸೆಳೆಖಾನೆ, ಕಸದ ಬುಟ್ಟಿ, ಶಾಲೆಯ ನೋಟ್‌ಬುಕ್ಕುಗಳಿಂದ ಅವಳೇ ತಿಳಿದುಕೊಳ್ಳಬೇಕು. ತಂಗಿಯ ಕಥೆಯನ್ನು ಅವಳ ದಿನಚರಿಯ ದನಿ ಬಿಡಿಸಿ ಹೇಳುತ್ತದೆ. ಓಡಿಕೊಂಡು ಹೋದವನಿಗೂ ಅದು ದೊರೆಯುತ್ತದೆ. ತಂದೆಯ ಕಥೆ ಹಾಗಲ್ಲ. ಅವನ ಬಾಲ್ಯದಲ್ಲಿ, 1963ರಲ್ಲಿ, ಆಗಬಾರದ್ದೇನೋ ಆಯಿತೆಂಬುದನ್ನು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ನೆಲಮಾಳಿಗೆಯಲ್ಲಿ ಮಗುವಿನ ಎತ್ತರವನ್ನು ಗುರುತಿಸಿದ ಗೆರೆಗಳು, ತಿಜೋರಿಯಲ್ಲಿರುವ ಸೋದರಮಾವನ ಒಂದು ಪತ್ರ, ತಂದೆ ಬರೆದ ಕಾದಂಬರಿಗಳು ಮತ್ತೆ ಮತ್ತೆ ಅದೇ ವರ್ಷಕ್ಕೆ ಮರಳುವ ಬಗೆ ಇವುಗಳನ್ನು ಕೂಡಿಸಿ ನೋಡಿದವನಿಗೆ ಮಾತ್ರ ಅದು ಗೋಚರವಾಗುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಎರಡನೆಯವನು ಮೂರನೆಯ ಸಲ ಆಡಿದಾಗ ಇದನ್ನು ಕಂಡನಂತೆ. ಮೊದಲನೆಯವನಿಗೆ ತಿಜೋರಿ ಇದ್ದದ್ದೇ ಗೊತ್ತಿರಲಿಲ್ಲ.

ವಿಮರ್ಶಕರು ಈ ಆಟವನ್ನು ಕೊಂಡಾಡಿದರು. ಬ್ರಿಟನ್ನಿನ ಬಾಫ್ಟಾ ಸಂಸ್ಥೆ 2014ರಲ್ಲಿ ಚೊಚ್ಚಲ ಆಟದ ಪ್ರಶಸ್ತಿಯನ್ನು ಕೊಟ್ಟಿತು. ಆಟಗಾರರು ಕೊಟ್ಟ ಅಂಕಗಳಾದರೋ ವಿಮರ್ಶಕರ ಅಂಕಗಳಿಗಿಂತ ಬಹಳ ಕೆಳಗೆ ನಿಂತವು. 2014ರ ಫೆಬ್ರವರಿಯಲ್ಲಿ ‘ಸ್ಟೀಮ್’ ಎಂಬ ದೊಡ್ಡ ಮಾರಾಟ ವ್ಯವಸ್ಥೆಯಲ್ಲಿ ಕೊಂಡವರೇ ಆಟಗಳಿಗೆ ವರ್ಗನಾಮಗಳನ್ನು ಹಚ್ಚುವ ಅವಕಾಶ ದೊರೆತಾಗ, ‘ವಾಕಿಂಗ್ ಸಿಮ್ಯುಲೇಟರ್’ ಎಂಬುದರ ಜೊತೆಗೆ ‘ಇದು ಆಟವೇ ಅಲ್ಲ’ ಎಂಬ ಚೀಟಿಯನ್ನೂ ಇದಕ್ಕೆ ಅಂಟಿಸಿದರು. ಎರಡು ಗಂಟೆಗಳಲ್ಲಿ ಮುಗಿಯುವ ಆಟಕ್ಕೆ 20 ಡಾಲರ್ ಬೆಲೆ ಅನ್ಯಾಯವೆಂಬ ದೂರು ಎಲ್ಲಕ್ಕಿಂತ ಜೋರಾಗಿತ್ತು. ಆಟದ ಬೆಲೆಯನ್ನು ಗಂಟೆಗಳಿಂದ ಭಾಗಿಸುವ ಈ ಲೆಕ್ಕಾಚಾರವನ್ನು ನಾವು ಅಲ್ಪವೆಂದು ತಳ್ಳಿಹಾಕಲಾರೆವು. ಬಾಡಿಗೆ, ಊಟ, ಬಸ್ಸಿನ ಪಾಸು ಕಳೆದು ಉಳಿದ ಹಣದಲ್ಲಿ ಆಟ ಕೊಳ್ಳುವ ಹುಡುಗನು ಒಂದು ತಿಂಗಳು ಆಡಬಹುದಾದುದನ್ನು ಬಯಸಿದರೆ ತಪ್ಪೇನು?

ಆದರೆ ಆ ಲೆಕ್ಕ ನಿಯಮವಾದಾಗ ಏನಾಗುತ್ತದೆಂಬುದನ್ನೂ ನೋಡಬೇಕು. 2015ರ ಜೂನಿನಿಂದ ಸ್ಟೀಮ್ ವ್ಯವಸ್ಥೆಯಲ್ಲಿ, ಕೊಂಡ 14 ದಿನಗಳೊಳಗೆ, ಆಡಿದ ಹೊತ್ತು ಎರಡು ಗಂಟೆಗಳನ್ನು ಮೀರದಿದ್ದರೆ, ಹಣ ವಾಪಸು ಪಡೆಯಬಹುದು. ಗ್ರಾಹಕನಿಗೆ ಇದು ನ್ಯಾಯವೇ. ಆದರೆ ಒಂದೂವರೆ ಗಂಟೆಯ ನಡಿಗೆಯ ಆಟವನ್ನು ಕೊನೆಯವರೆಗೆ ಆಡಿ, ಮೆಚ್ಚಿ, ಹಣವನ್ನೂ ಹಿಂದಕ್ಕೆ ಪಡೆಯಲು ಇದರಿಂದ ದಾರಿಯಾಯಿತು. 2021ರ ಆಗಸ್ಟಿನಲ್ಲಿ ‘ಸಮ್ಮರ್ ಆಫ್ 58’ ಎಂಬ ಭಯಾನಕ ರಸದ ಸಣ್ಣ ಆಟವನ್ನು ಮಾಡಿದ ‘ಎಮಿಕಾ ಗೇಮ್ಸ್’ನ ಕರ್ತೃ, ಒಳ್ಳೆಯ ಅಭಿಪ್ರಾಯಗಳು ಬಂದರೂ ಹಣ ವಾಪಸು ಪಡೆದವರು ಬಹಳವೆಂದೂ, ಆದಕಾರಣ ತಾನು ಆಟ ರಚನೆಯನ್ನು ಅನಿರ್ದಿಷ್ಟ ಕಾಲ ಬಿಡುತ್ತಿರುವುದಾಗಿಯೂ ಪ್ರಕಟಿಸಿದನು. ಸಣ್ಣ ಕಥೆಯನ್ನು ನಿಂತಲ್ಲೇ ಓದಿ ಪುಸ್ತಕವನ್ನು ಅಂಗಡಿಗೆ ಮರಳಿಸುವ ಪದ್ಧತಿ ಇದ್ದಿದ್ದರೆ ಕನ್ನಡದಲ್ಲಿ ಎಷ್ಟು ಕಥಾಸಂಗ್ರಹಗಳು ಅಚ್ಚಾಗುತ್ತಿದ್ದುವೋ!

ಇನ್ನು ನಿಧಾನವೆಂಬ ಆಕ್ಷೇಪ. ಇದು ಹಣದ ಆಕ್ಷೇಪಕ್ಕಿಂತ ಸೂಕ್ಷ್ಮವಾದುದು. ‘ಡಿಯರ್ ಎಸ್ತರ್’ ಮಾಡಿದ ತಂಡವೇ 2015ರ ಆಗಸ್ಟಿನಲ್ಲಿ ‘ಎವ್ರಿಬಡೀಸ್ ಗಾನ್ ಟು ದಿ ರ‍್ಯಾಪ್ಚರ್’ ಎಂಬ ಮತ್ತೊಂದು ಆಟವನ್ನು ಹೊರತಂದಿತು. 1984ರ ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಒಂದು ಹಳ್ಳಿ, ಜನರೆಲ್ಲ ಮಾಯವಾಗಿದ್ದಾರೆ. ಊರು ದೊಡ್ಡದು, ನಡಿಗೆ ಬಹು ನಿಧಾನ. ತಪ್ಪು ದಾರಿಯಲ್ಲಿ ಹೋದವನು ಅಷ್ಟೇ ನಿಧಾನವಾಗಿ ಹಿಂತಿರುಗಬೇಕು. ಆಟಗಾರರು ಸಹಜವಾಗಿಯೇ ಗೊಣಗಿದರು. ಆಗ ತಿಳಿದುಬಂದದ್ದೇನೆಂದರೆ, ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನಡಿಗೆ ಕ್ರಮಕ್ರಮವಾಗಿ ಚುರುಕಾಗುವ ವ್ಯವಸ್ಥೆ ಆಟದೊಳಗೇ ಇತ್ತು. ಹಾಗಿದೆಯೆಂದು ಆಟ ಎಲ್ಲಿಯೂ ತಿಳಿಸಿರಲಿಲ್ಲ. ತಿಳಿಸದೆ ಹೋದದ್ದು ತಮ್ಮ ತಪ್ಪೆಂದು ತಂಡದವರು ಒಪ್ಪಿಕೊಂಡರು. ಈ ಪ್ರಸಂಗದಲ್ಲಿ ನಮ್ಮ ಮತ ಗೊಣಗಿದವರ ಕಡೆಗೇ ಇದೆ. ನಿಲ್ಲಲು ಕಾರಣವಿರುವ ಕಡೆ ನಿಧಾನ ಗುಣ. ಎರಡು ಕಾರಣಗಳ ನಡುವಣ ಬರಿಯ ದೂರದಲ್ಲಿ ಅದು ದೋಷವೇ.

ನಿಧಾನದ ದೂರು ಸಣ್ಣ ಆಟಗಳಿಗಷ್ಟೇ ಮೀಸಲಾದುದಲ್ಲ. 2018ರ ಅಕ್ಟೋಬರಿನಲ್ಲಿ ಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಭಾರಿ ಆಟದಲ್ಲಿ ಗುಂಡು, ಕುದುರೆ, ದರೋಡೆ ಎಲ್ಲವೂ ಉಂಟು. ಆದರೂ ಬಿಡಾರದೊಳಗೆ ಓಡಲು ಬಿಡುವುದಿಲ್ಲ, ಒಂದು ಡಬ್ಬಿಯನ್ನು ಎತ್ತಿಕೊಳ್ಳುವುದಕ್ಕೂ ಕೈ ನಿಜವಾಗಿ ಚಾಚಬೇಕು ಎಂದು ಅನೇಕರು ಬೇಸತ್ತರು. ಅದಕ್ಕಾಗಿಯೇ ಮೆಚ್ಚಿದವರೂ ಅಷ್ಟೇ ಮಂದಿ. ಆ ಆಟದ ರಚನೆಯಲ್ಲಿ ಪಾಲುಗೊಂಡ ರಾಕ್‌ಸ್ಟಾರ್ ಸಂಸ್ಥೆಯ ಶಾಖೆಯೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ. 1997ರಲ್ಲಿ ಇಲ್ಲಿ ಸ್ಥಾಪಿತವಾದ, ಭಾರತದ ಆಟ ರಚನಾ ಸಂಸ್ಥೆಗಳಲ್ಲಿ ಆದ್ಯವೆನ್ನಬಹುದಾದ ‘ಧ್ರುವ ಇಂಟರಾಕ್ಟಿವ್’ 2019ರಲ್ಲಿ ಅದರೊಡನೆಯೇ ಸೇರಿಹೋಯಿತು.

ಒಂದು ಕಲೆಯಿಂದ ಅದರ ಮುಖ್ಯಾಂಗವೆಂದು ತೋರುವುದನ್ನು ತೆಗೆದುಬಿಟ್ಟರೆ ಅದು ಅದೇ ಕಲೆಯಾಗಿ ಉಳಿಯುವುದೆ ಎಂಬ ಪ್ರಶ್ನೆಗೆ ಕರಾವಳಿಯ ಜನ ಎಂದೋ ಉತ್ತರ ಕೊಟ್ಟಿದ್ದಾರೆ. ಯಕ್ಷಗಾನದ ಬಯಲಾಟದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಅರ್ಥಧಾರಿಗಳು ಕುಳಿತಲ್ಲಿಯೇ ಮಾತಾಡುತ್ತಾರೆ. ಕರ್ಣಾರ್ಜುನರ ಕಾಳಗದಲ್ಲಿಯೂ ಬಾಣ ಬಿಡುವವರಿಲ್ಲ. ಇದು ಯಕ್ಷಗಾನವೇ ಅಲ್ಲವೆಂದು ಚೀಟಿ ಅಂಟಿಸಿದವರನ್ನು ನಾವು ಕಂಡಿಲ್ಲ. ಏಕೆಂದರೆ ಅಲ್ಲಿ ಕುಳಿತವರಿಗೆ ಪ್ರಸಂಗ ಗೊತ್ತು, ಮಾತಿನ ಒಳಸುಳಿಗಳನ್ನು ಹಿಡಿಯುವ ಅಭ್ಯಾಸವೂ ಉಂಟು. ಅದೇ ಸಭೆಗೆ ಆ ಅಭ್ಯಾಸವಿಲ್ಲದವನನ್ನು ಕರೆದೊಯ್ದರೆ ಅವನು ನಮ್ಮ ಮೊದಲನೆಯ ವಿದ್ಯಾರ್ಥಿಯ ಮಾತನ್ನೇ ಆಡುವನು: ಕೂತು ಮಾತಾಡೋದು ಬಿಟ್ರೆ ಬೇರೇನೂ ಇಲ್ಲ.

ಇಲ್ಲಿಗೆ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದಂತಾಯಿತು. ಇವರು ನಿಧಾನವೆಂದು ದೂರುವಾಗ ದೂರುತ್ತಿರುವುದು ವೇಗವನ್ನಲ್ಲ. ಎದುರಿಗಿರುವುದರಲ್ಲಿ ಓದತಕ್ಕದ್ದು ಕಾಣಲಿಲ್ಲವೆಂಬುದನ್ನು. ಕಾಣದಿರಲು ಕಾರಣ ಎರಡು. ಅಲ್ಲಿ ನಿಜವಾಗಿ ಏನೂ ಇಲ್ಲದಿರಬಹುದು. ಆಗ ತಪ್ಪು ಆಟದ್ದು. ಅಥವಾ ಇದ್ದದ್ದನ್ನು ಓದುವ ಕ್ರಮ ತಿಳಿಯದಿರಬಹುದು. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡುವವರಲ್ಲಿ ಈ ಎರಡನೆಯದು ದಿನವೂ ಕಾಣುವ ಸಂಗತಿ. ಮೂರು ಪಟ್ಟಿಕೆಗಳುಳ್ಳ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವಸನ್ನಿಧಿ. ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ನೋಡುವವನಿಗೆ ಅಲ್ಲಿ ಕಥೆಯೇ ಇಲ್ಲ, ಬರಿಯ ಬೊಂಬೆಗಳು. ಬ್ಯಾಟರಾಯನಪುರಕ್ಕೆ ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ಕಲ್ಲನ್ನು ತೆಗೆದುಕೊಳ್ಳಿ. ಊರಿನ ಹಳೆಯ ಹೆಸರು ಪೆರ್ಬೊಳಲ್ ಎಂಬುದು ಅದರಿಂದಲೇ ತಿಳಿಯಿತು. ಅಕ್ಷರ ಬಲ್ಲವನು ಅದರ ಮುಂದೆ ಅರ್ಧ ದಿನ ನಿಂತಾನು. ಅರಿಯದವನಿಗೆ ಅರ್ಧ ನಿಮಿಷವೂ ದೀರ್ಘವೇ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟವನ್ನು 1905ರಲ್ಲಿ ಹೊರತಂದ ಲೂಯಿ ರೈಸ್ ಮತ್ತು ಅವರ ಸಹಾಯಕರ ಕೆಲಸವನ್ನು ನಡಿಗೆಯ ಆಟವೆಂದು ಕರೆದರೆ ಲಘುವಾದೀತು, ಆದರೆ ನಡೆದು, ನಿಂತು, ಇದ್ದು ಹೋದವರ ಕುರುಹನ್ನು ಓದುವುದು ಅವರ ಕೆಲಸವಾಗಿತ್ತೆಂಬುದು ನಿಜ.

ಹೀಗೆಂದು ಇತಿಹಾಸದ ತರಗತಿಗೆ ಈ ಆಟಗಳನ್ನು ಹಾಗೆಯೇ ತರಬಹುದೆಂದು ನಾವು ಹೇಳುತ್ತಿಲ್ಲ. ಒಂದು ಎಚ್ಚರಿಕೆ ಅವಶ್ಯ. ‘ಗಾನ್ ಹೋಮ್’ ಮನೆಯಲ್ಲಿರುವ ಪ್ರತಿಯೊಂದು ಚೀಟಿಯೂ ಸಿಗಲೆಂದೇ ಇಟ್ಟದ್ದು. ಅಲ್ಲಿ ಗೆದ್ದಲು ಹಿಡಿದ ಕಾಗದವಿಲ್ಲ, ಒಂದು ಸಾಕ್ಷ್ಯ ಮತ್ತೊಂದನ್ನು ಸುಳ್ಳಾಗಿಸುವುದಿಲ್ಲ, ಕಥೆಗೆ ಸಂಬಂಧವಿಲ್ಲದ ಕಂತೆಗಳನ್ನು ವಾರಗಟ್ಟಲೆ ತಿರುವಬೇಕಾಗಿಯೂ ಇಲ್ಲ. ಪತ್ರಾಗಾರದಲ್ಲಿ ಕುಳಿತವರಿಗೆ ಈ ಅಂತರ ಗೊತ್ತು. ಇದ್ದದ್ದೆಲ್ಲವೂ ಅರ್ಥವಾಗಲೆಂದೇ ಇದೆಯೆಂಬ ನಂಬಿಕೆಯನ್ನು ವಿದ್ಯಾರ್ಥಿಯ ಮನಸ್ಸಿನಲ್ಲಿ ಬೇರೂರಿಸಿದರೆ ಅವನು ಮುಂದೆ ಕೆಟ್ಟ ಸಂಶೋಧಕನಾದಾನು. ಈ ದೃಷ್ಟಿಯಿಂದ ‘ಡಿಯರ್ ಎಸ್ತರ್’ ಹೆಚ್ಚು ಪ್ರಾಮಾಣಿಕವಾದ ಆಟವೆಂದು ನಮ್ಮ ಅಭಿಪ್ರಾಯ. ಅದರ ಪತ್ರಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಅದನ್ನು ದೋಷವೆಂದ ಆಟಗಾರರು ಅನೇಕರಿದ್ದಾರೆ.

ಭಾರತದಲ್ಲಿ ಈ ಮಾರ್ಗದಲ್ಲಿ ಗಂಭೀರವಾಗಿ ದುಡಿದವರು ಗುಜರಾತಿನ ಚಲಾ ಎಂಬಲ್ಲಿರುವ ‘ಸ್ಟುಡಿಯೋ ಓಲಿಯೋಮಿಂಗಸ್’ನವರು. 2018ರ ಅವರ ‘ಎ ಮ್ಯೂಸಿಯಂ ಆಫ್ ಡ್ಯುಬಿಯಸ್ ಸ್ಪ್ಲೆಂಡರ್ಸ್’ ಒಂದು ವಿಚಿತ್ರ ವಸ್ತುಸಂಗ್ರಹಾಲಯ. ಕೋಣೆಯಿಂದ ಕೋಣೆಗೆ ನಡೆಯುತ್ತ, ನಡುನಡುವೆ ಮೀರ್ ಉಮರ್ ಹಸನ್ ಎಂಬ ಲೇಖಕನ ಕಥೆಗಳನ್ನು ಓದುತ್ತ ಹೋಗಬೇಕು. ಆ ಲೇಖಕನು ನಿಜವಾಗಿ ಇದ್ದವನಲ್ಲ, ಆಟದವರೇ ಕಲ್ಪಿಸಿದವನು. ಕೂಟಶಾಸನಗಳನ್ನು ಪರೀಕ್ಷಿಸುವ ಪಾಠಕ್ಕೆ ಇದಕ್ಕಿಂತ ಉತ್ತಮವಾದ ಪೀಠಿಕೆ ನಮಗೆ ತೋರದು.

ಇದಕ್ಕೆ ಪ್ರತಿಯಾದ ನಿದರ್ಶನ ಯೂಬಿಸಾಫ್ಟ್ ಸಂಸ್ಥೆಯದು. ಟಾಲೆಮಿಗಳ ಕಾಲದ ಈಜಿಪ್ಟಿನಲ್ಲಿ ನಡೆಯುವ ತನ್ನ ಕಾಳಗದ ಆಟದಿಂದ ಕಾಳಗವನ್ನು ತೆಗೆದು, 2018ರ ಫೆಬ್ರವರಿಯಲ್ಲಿ ಅದು 75 ಪ್ರವಾಸಗಳುಳ್ಳ ‘ಡಿಸ್ಕವರಿ ಟೂರ್’ ಎಂಬ ಶೈಕ್ಷಣಿಕ ಆವೃತ್ತಿಯನ್ನು ಕೊಟ್ಟಿತು. ಅಧ್ಯಾಪಕರು ಸಂತೋಷಪಡತಕ್ಕದ್ದೇ. ಆದರೆ ಶಾಲೆಗಳಿಗೆ ಒಪ್ಪುವಂತೆ ಪ್ರಾಚೀನ ನಗ್ನ ಶಿಲ್ಪಗಳಿಗೆ ಕಪ್ಪೆಚಿಪ್ಪುಗಳನ್ನು ತೊಡಿಸಲಾಗಿತ್ತು! ಇದನ್ನು ಕಂಡುಹಿಡಿದು ಆಕ್ಷೇಪಿಸಿದವರು ಆಟಗಾರರು. ನಿಂತು ನೋಡುವ ತಾಳ್ಮೆ ಅವರಿಗಿಲ್ಲವೆಂದು ಹೇಳುವವರು ಈ ಸಂಗತಿಯನ್ನು ಗಮನಿಸಬೇಕು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮದಲ್ಲಿರುವ ‘ಪ್ಲೇಸ್-ಹಂಪಿ’. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಷಾ ಎಂಬವರು 2006ರಲ್ಲಿ ರಚಿಸಿದ ಈ ದೃಶ್ಯಮಂದಿರದಲ್ಲಿ, ತಿರುಗುವ ವೇದಿಕೆಯ ಮೇಲೆ ನಿಂತು ಹಂಪೆಯ ಸುತ್ತುನೋಟಗಳ ನಡುವೆ ಸಂಚರಿಸಬಹುದು. ಅದು ಕಣ್ಣಿಗೆ ಹಬ್ಬವೇ. ಆದರೆ ಅದು ತೋರಿಸುವ ಯಂತ್ರ. ಓದಿಸುವ ಯಂತ್ರ ಇನ್ನೊಂದು ಬಗೆಯದು. ಅದಕ್ಕೆ ಬೇಕಾದ ಸಾಮಗ್ರಿಯೂ ದೂರದಲ್ಲಿಲ್ಲ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಮುತ್ತಣ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ರಕ್ಷಿಸುತ್ತಿದ್ದಾರೆ. ಕಲ್ಲಿನ ಮೇಲೆ ಸವೆದ ಅಕ್ಷರ ಎಷ್ಟೋ ಸಲ ಅಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತದೆ. ಇಂಥ ಕಲ್ಲುಗಳ ಸುತ್ತ ಒಂದು ಕೆರೆ, ಒಂದು ಏರಿ, ಒಂದು ಊರಬಾಗಿಲನ್ನು ಕಟ್ಟಿ ನಡೆಯಲು ಬಿಡುವ ಕೆಲಸ ಉಳಿದಿದೆ.

ಇದನ್ನು ಆ ಇಬ್ಬರು ವಿದ್ಯಾರ್ಥಿಗಳ ಮುಂದಿಟ್ಟೆವು. ಇಬ್ಬರೂ ಒಪ್ಪಿದರು, ಅವರಲ್ಲಿ ಒಬ್ಬನಿಗೆ ತಂತ್ರಾಂಶದ ಪರಿಚಯವೂ ಉಂಟು. ಹೆಬ್ಬಾಳಕ್ಕೆ ಹೋಗಿ ಕಿತ್ತಯ್ಯನ ಕಲ್ಲನ್ನು ನೋಡಿಬಂದರು. ಮೊದಲ ವಾರದಲ್ಲಿಯೇ ಭಿನ್ನಾಭಿಪ್ರಾಯ ಬಂದಿದೆ. ಓಡುವ ಗುಂಡಿ ಇರಲೇಬೇಕೆಂದು ಮೊದಲನೆಯವನ ಹಟ. ಇರಲಿ, ಆದರೆ ಕಲ್ಲಿನ ಹತ್ತಿರ ಹತ್ತು ಮಾರು ಸುತ್ತ ಅದು ಕೆಲಸ ಮಾಡಕೂಡದೆಂದು ಎರಡನೆಯವನ ವಾದ. ತೀರ್ಪನ್ನು ನಮಗೆ ಬಿಟ್ಟಿದ್ದಾರೆ. ಹತ್ತು ಮಾರು ಹೆಚ್ಚಾಯಿತು, ಐದು ಸಾಕೆಂದು ಹೇಳಿದ್ದೇವೆ.